ಮುಂಬಯಿಯಲ್ಲಿ ನಮ್ಮವರ ಬಿಡಾರಗಳು

ಕಳೆದ ವೈಶಾಖದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಮನೆಗೆ ಬಂದಿದ್ದನು. ಅವನಿಗೆ ಮುಂಬಯಿಯಲ್ಲಿ ಉದ್ಯೋಗವು ದೊರೆತಿದೆ. ಹೆಂಡತಿಯನ್ನೂ ಐದು ವರುಷದ ಮಗಳನ್ನೂ ಕರೆದುಕೊಂಡು ಹೋಗಿ ಅಲ್ಲಿಯೇ ನೆಲಸುವವನಿದ್ದನು. ಕುಶಲಪ್ರಶ್ನೆಗಳಾದ ಮೇಲೆ, "ಮಾಸ್ತರೇ, ನೀವು ಮುಂಬಯಿಯಲ್ಲಿ ಇದ್ದು ಬಂದವರು. ಯಾವ ಭಾಗದಲ್ಲಿ ಮನೆ ಮಾಡಿದರೆ ಒಳ್ಳೆಯದು?" ಎಂದು ಕೇಳಿದನು. ನಾನು ಅಲ್ಲಿ ಇದ್ದುದು ಮೂರೇ ವರುಷ. ಅದೂ ನಲವತ್ತು ವರುಷಗಳ ಹಿಂದಿನ ಮಾತು. ಅವನಾದರೋ ಪ್ರತಿಯೊಂದು ಉಪನಗರದ ಬಾಡಿಗೆ, ಕಚೇರಿಗೆ ಇರುವ ದೂರ, ಶಾಲೆಗಳ ಶುಲ್ಕ ಇವುಗಳನ್ನೆಲ್ಲ ಒಂದು ಕಾಗದದ ಮೇಲೆ ಬರೆದುಕೊಂಡೇ ಬಂದಿದ್ದನು. ಅಷ್ಟನ್ನೂ ಬಲ್ಲವನಿಗೆ ನಾನು ಹೇಳತಕ್ಕದ್ದೇನು? ಎರಡು ದಿವಸಗಳ ಅವಕಾಶವನ್ನು ಬೇಡಿ ಅವನನ್ನು ಕಳುಹಿಸಿಕೊಟ್ಟೆನು. ಆ ಎರಡು ದಿನಗಳ ಯೋಚನೆಯೇ ಬೆಳೆದು ಈ ಲೇಖನವಾಗಿದೆ.

ಪಾಠಶಾಲೆಯ ಮೊದಲನೆಯ ವರುಷದಲ್ಲಿ ನಾವು ಕಂಠಪಾಠ ಮಾಡಿದ ಚಾಣಕ್ಯನೀತಿಯಲ್ಲಿ, ವಾಸಕ್ಕೆ ಯೋಗ್ಯವಾದ ಊರಿನಲ್ಲಿ ಇರಬೇಕಾದ ಐದು ಅನುಕೂಲತೆಗಳನ್ನು ಎಣಿಸಿದೆ. ಹೊಳೆ ಅದರಲ್ಲಿ ಉಂಟು, ವೈದ್ಯನೂ ಉಂಟು. ನೆರೆಮನೆಯವನ ಹೆಸರು ಮಾತ್ರ ಇಲ್ಲ. ನೆರೆಯವನು ಹುಟ್ಟಿನೊಡನೆಯೇ ಬರುತ್ತಿದ್ದ ಕಾಲದಲ್ಲಿ ಅವನನ್ನು ಆರಿಸುವ ಪ್ರಸಂಗವೇ ಇರಲಿಲ್ಲವಾದುದರಿಂದ ನೀತಿಕಾರನು ಅವನನ್ನು ಬಿಟ್ಟಿರಬೇಕೆಂದು ನನ್ನ ಊಹೆ. ಆದರೆ ನಮ್ಮ ಜಿಲ್ಲೆಯವರು ಮುಂಬಯಿಯಲ್ಲಿ ಮನೆ ಹುಡುಕಿದ ಕಥೆಯನ್ನು ನೋಡಿದರೆ, ಹೊಳೆಗಿಂತಲೂ ವೈದ್ಯನಿಗಿಂತಲೂ ಮೊದಲು ಅವರು ಹುಡುಕಿದ್ದು ನೆರೆಯವನನ್ನೇ ಎಂಬುದು ಸ್ಪಷ್ಟವಾಗುತ್ತದೆ.

ನಮ್ಮವರು ಮದರಾಸನ್ನು ಬಿಟ್ಟು ಮುಂಬಯಿಗೇ ಏಕೆ ಹೋದರು ಎಂಬುದನ್ನು ಇಂದಿನ ಹುಡುಗರಿಗೆ ವಿವರಿಸಬೇಕಾಗಿದೆ. 1862ರವರೆಗೆ ಇಡಿಯ ಕನ್ನಡ ಕರಾವಳಿಯು ಮದರಾಸು ಇಲಾಖೆಗೇ ಸೇರಿದ್ದಿತು. ಆ ವರುಷ ಉತ್ತರಭಾಗವನ್ನು ಬೇರ್ಪಡಿಸಿ ಮುಂಬಯಿ ಇಲಾಖೆಗೆ ಸೇರಿಸಿದರು. ದಕ್ಷಿಣಭಾಗವು ಮದರಾಸಿನಲ್ಲಿಯೇ ಉಳಿಯಿತು. ಅಂದಿನಿಂದ ಕಾರವಾರ, ಕುಮಟೆ, ಹೊನ್ನಾವರಗಳ ಹುಡುಗರಿಗೆ ಮ್ಯಾಟ್ರಿಕ್ಯುಲೇಶನ್ ಪರೀಕ್ಷೆಯು 1857ರಲ್ಲಿ ಸ್ಥಾಪಿತವಾದ ಮುಂಬಯಿ ವಿಶ್ವವಿದ್ಯಾಲಯದ್ದಾಯಿತು. ವ್ಯಾಜ್ಯಗಳಿಗೆ ಮೇಲಿನ ನ್ಯಾಯಾಸ್ಥಾನವು ಮುಂಬಯಿಯ ಹೈಕೋರ್ಟಾಯಿತು. ಕಾರಕೂನನ ನೌಕರಿಗೆ ಅರ್ಜಿಯು ಮುಂಬಯಿಗೇ ಹೋಗತೊಡಗಿತು. ಮಾರ್ಗವೂ ಸಮುದ್ರದ್ದೇ. ಘಟ್ಟವನ್ನು ಹತ್ತಿ ಹುಬ್ಬಳ್ಳಿಗೆ ಹೋಗಿ ರೈಲು ಹಿಡಿಯುವುದಕ್ಕಿಂತ ಬಂದರದಲ್ಲಿ ಆಗಬೋಟನ್ನು ಏರುವುದು ಸುಲಭವಾಗಿದ್ದಿತು. ಮಳೆಗಾಲದಲ್ಲಿ ಬೋಟು ಇಲ್ಲ. ಆದುದರಿಂದ ಜ್ಯೇಷ್ಠದೊಳಗಾಗಿ ಹೊರಟವನು ಹೊರಟ, ಇಲ್ಲದವನು ನವರಾತ್ರಿಯವರೆಗೆ ಕಾಯಬೇಕು. ಕೊಂಕಣ ರೈಲುಮಾರ್ಗವು ಪೂರ್ಣವಾದ 1998ರ ತರುವಾಯ ಹುಟ್ಟಿದವರಿಗೆ ಇದು ಪುರಾಣದಂತೆ ಕೇಳಿಸೀತು.

ಹೀಗೆ ಹೋದ ಮೊದಲಿನವರು ಸ್ಥಳವನ್ನು ಆರಿಸಿದರೆಂದು ಹೇಳುವಂತಿಲ್ಲ. ಯಾರಾದರೊಬ್ಬ ಊರಿನವನು ಮುಂಚೆ ಹೋಗಿ ಎಲ್ಲಿ ಬಿಡಾರ ಹೂಡಿದ್ದನೋ ಅಲ್ಲಿಯೇ ಇವನ ಗಂಟೂ ಇಳಿಯುತ್ತಿದ್ದಿತು. ನಮ್ಮ ಅಜ್ಜನ ಅಣ್ಣನವರು 1912ರಲ್ಲಿ ಗಿರಗಾಂವದ ಒಂದು ಚಾಳಿನ ಖೋಲಿಯಲ್ಲಿ ಇಳಿದುಕೊಂಡದ್ದು ಹೀಗೆಯೇ. ಒಂದು ಖೋಲಿಗೆ ಏಳು ಜನ, ಏಳು ಜನಕ್ಕೂ ಒಂದೇ ಖಾನಾವಳಿ, ಹೆಂಡತಿಮಕ್ಕಳು ಊರಿನಲ್ಲಿ. ಅವರು ಮನೆಗೆ ಬರೆದ ನಾಲ್ಕಾರು ಕಾಗದಗಳು ನಮ್ಮ ಪೆಟ್ಟಿಗೆಯಲ್ಲಿ ಇಂದಿಗೂ ಇವೆ. ಅವುಗಳಲ್ಲಿ ಸಮುದ್ರದ ವರ್ಣನೆಯಿಲ್ಲ, ಟ್ರಾಮಿನ ವರ್ಣನೆಯಿಲ್ಲ. ಬಾವಿಯ ನೀರು ಇಲ್ಲವೆಂಬುದು, ನಲ್ಲಿಯ ಮುಂದೆ ಸಾಲು ನಿಲ್ಲಬೇಕೆಂಬುದು, ಮಡಿಯು ನಡೆಯುವುದಿಲ್ಲವೆಂಬುದು, ಇವು ಮೂರೇ ಪುನಃ ಪುನಃ ಬಂದಿವೆ. ಆ ಏಳು ಮಂದಿಯಲ್ಲಿ ಆರು ಮಂದಿ ನಮ್ಮ ಸೀಮೆಯವರೆಂಬ ಸಮಾಧಾನವೂ ಒಂದು ಕಾಗದದಲ್ಲಿದೆ.

ಬೇಕೆಂದ ಸ್ಥಳದಲ್ಲಿ ನೆಲಸುವ ಸಾಧ್ಯತೆಯನ್ನು ತಂದುಕೊಟ್ಟದ್ದು ಒಂದು ಮಹಾರೋಗವು. 1896ರ ಸೆಪ್ಟೆಂಬರಿನಲ್ಲಿ ಮಾಂಡವಿಯ ದಟ್ಟವಾದ ಓಣಿಗಳಲ್ಲಿ ಪ್ಲೇಗು ಕಾಣಿಸಿಕೊಂಡಿತು. ಅದನ್ನು ಮೊದಲು ಗುರುತಿಸಿದವರು ಡಾಕ್ಟರ್ ಅಕಾಸಿಯೋ ವಿಯೇಗಾಸ್ ಎಂಬ ಗೋವೆಯ ಮೂಲದ ವೈದ್ಯರು. ಜನರು ನಗರವನ್ನು ಬಿಟ್ಟು ಓಡಿಹೋದರು. ಎರಡು ವರುಷಗಳಲ್ಲಿ, ಎಂದರೆ 1898ರಲ್ಲಿ, ನಗರಸುಧಾರಣೆಗಾಗಿಯೇ ಇಂಪ್ರೂವ್‌ಮೆಂಟ್ ಟ್ರಸ್ಟು ಎಂಬ ಸಂಸ್ಥೆಯನ್ನು ಕಾಯಿದೆಯ ಮೂಲಕ ಸ್ಥಾಪಿಸಲಾಯಿತು. ಹಳೆಯ ಕೇರಿಗಳ ನಡುವೆ ಅಗಲವಾದ ರಸ್ತೆಗಳನ್ನು ಸೀಳಿ ಕಡಲಗಾಳಿಯನ್ನು ಒಳಗೆ ಬಿಡುವುದು ಅದರ ಒಂದು ಕೆಲಸ. ಉತ್ತರದಲ್ಲಿ ದಾದರ, ಮಾಟುಂಗಾ, ಶೀವ, ವಡಾಳಾಗಳ ಗದ್ದೆಬಯಲುಗಳನ್ನು ಸಮಮಾಡಿ ಹೊಸ ಬಡಾವಣೆಗಳನ್ನು ಹೂಡುವುದು ಇನ್ನೊಂದು. ಮೊದಲನೆಯದರಿಂದ ಅನೇಕ ಬಡವರ ಮನೆಗಳು ಬಿದ್ದುಹೋದುವು. ಎರಡನೆಯದರಿಂದ ಮಧ್ಯಮವರ್ಗದವರಿಗೆ ಮನೆಗಳಾದುವು. ಬಿದ್ದ ಮನೆಯವರೇ ಎದ್ದ ಮನೆಗೆ ಹೋದರೆಂದು ಯಾರೂ ತಿಳಿಯಬಾರದು.

ಈ ಸಂದರ್ಭದಲ್ಲಿಯೇ ನಮ್ಮ ಜಿಲ್ಲೆಯ ಸಂಬಂಧವುಳ್ಳ ಒಬ್ಬ ಪುರುಷರ ಹೆಸರು ಬರುತ್ತದೆ. ರಾವ್ ಬಹಾದ್ದೂರ್ ಶ್ರೀಪಾದ ಸುಬ್ರಾವ್ ತಾಲಮಕಿಯವರು, 1869ರಲ್ಲಿ ಹುಟ್ಟಿ 1948ರಲ್ಲಿ ತೀರಿಕೊಂಡವರು. ಸಹಕಾರಿ ಸಾಲದ ಸಂಘಗಳ ಕಾಯಿದೆಯು 1904ರಲ್ಲಿ ಬಂದ ಕೂಡಲೇ ಅದರ ಶಕ್ತಿಯನ್ನು ಅರಿತ ಕೆಲವರಲ್ಲಿ ಇವರೊಬ್ಬರು. 1906ರಲ್ಲಿ ತಮ್ಮ ಗುರುಸ್ಥಾನದಲ್ಲಿದ್ದ ಶಾಮರಾವ್ ವಿಠಲ ಕಾಯ್ಕಿಣಿಯವರ ಹೆಸರಿನಲ್ಲಿ ಸಹಕಾರಿ ಸಂಘವನ್ನು ತೆರೆದರು. ಅದೇ ಮುಂದೆ ಶಾಮರಾವ್ ವಿಠಲ ಬ್ಯಾಂಕಾಯಿತು. 1911ರಲ್ಲಿ ಕೆನರಾ ಸಾರಸ್ವತ ಅಸೋಸಿಯೇಶನ್ನು ಹುಟ್ಟಿತು. 1915ರಲ್ಲಿ ಗಾಮದೇವಿಯಲ್ಲಿ ಸಾರಸ್ವತ ಸಹಕಾರಿ ಗೃಹನಿರ್ಮಾಣ ಸಂಘವು ನೋಂದಣಿಯಾಯಿತು.

ಈ ಸಂಘದ ರಚನೆಯು ಗಮನಾರ್ಹವಾದುದು. ಸದಸ್ಯನು ಪಾಲುಗಳನ್ನು ಕೊಳ್ಳುತ್ತಾನೆ. ಸಂಘವು ಆ ಹಣಕ್ಕೆ ಸಾಲವನ್ನು ಕೂಡಿಸಿ ಕಟ್ಟಡವನ್ನು ಕಟ್ಟಿಸುತ್ತದೆ. ಕಟ್ಟಡದ ಒಡೆತನವು ಸಂಘದ್ದು; ಸದಸ್ಯನು ಅದರಲ್ಲಿ ಬಾಡಿಗೆದಾರ. ಆದುದರಿಂದ ಪ್ರತಿಯೊಬ್ಬನೂ ತನ್ನ ಮನೆಗೆ ತಾನೇ ಒಡೆಯರಲ್ಲಿ ಒಬ್ಬನು, ತಾನೇ ಒಕ್ಕಲು. ಬಾಡಿಗೆಯನ್ನು ಏರಿಸಿ ಹೊರಗೆ ಹಾಕುವ ಧಣಿಯು ಅಲ್ಲಿಲ್ಲ. ಹಾಗೆಯೇ ಮನೆಯನ್ನು ಲಾಭಕ್ಕೆ ಮಾರಿ ಹೋಗುವ ಸ್ವಾತಂತ್ರ್ಯವೂ ಇಲ್ಲ. ಹೊನ್ನಾವರದಿಂದಲೋ ಭಟಕಳದಿಂದಲೋ ಬಂದು ಖೋಲಿಯ ಏಳನೆಯ ಮನುಷ್ಯನಾಗಿ ಮಲಗಿದ್ದ ಕಾರಕೂನನು ಈಗ ಊರಿನಿಂದ ಹೆಂಡತಿಯನ್ನು ಕರೆಸಿಕೊಳ್ಳಬಹುದಾಯಿತು. ಮಗುವಿಗೆ ಜ್ವರ ಬಂದರೆ ಎದುರು ಬಾಗಿಲಿನ ಅಜ್ಜಿಯು ಅದೇ ಮಾತಿನಲ್ಲಿ ಕಷಾಯವನ್ನು ಹೇಳುವಳು. ಮುಂದೆ ಸಾಂತಾಕ್ರೂಜಿನಲ್ಲಿಯೂ ತಾಡದೇವದಲ್ಲಿಯೂ ಇದೇ ಸಮಾಜದವರ ವಸತಿಗಳಾದುವು. ತಾಡದೇವದ್ದಕ್ಕೆ ತಾಲಮಕಿವಾಡಿ ಎಂದೇ ಹೆಸರು. ನಾನು ಆ ಸಮಾಜಕ್ಕೆ ಸೇರಿದವನಲ್ಲ. ಆದರೂ ಆ ಕಾಲದಲ್ಲಿ ನಮ್ಮ ಕರಾವಳಿಯವರು ಮುಂಬಯಿಯಲ್ಲಿ ಮಾಡಿದ ಕೆಲಸಗಳಲ್ಲಿ ಇದಕ್ಕೆ ಸಮನಾದುದು ಇಲ್ಲವೆಂದೇ ಹೇಳುವೆನು.

ಹೀಗೆ ಹೊಗಳಿದ ಮೇಲೆ ಒಂದು ಸಂದೇಹವನ್ನೂ ಹೇಳಬೇಕು. ಕೌಟಿಲ್ಯನ ಅರ್ಥಶಾಸ್ತ್ರದ ದುರ್ಗನಿವೇಶವೆಂಬ ಪ್ರಕರಣದಲ್ಲಿ ಯಾವ ವರ್ಣದವರು ಕೋಟೆಯ ಯಾವ ದಿಕ್ಕಿನಲ್ಲಿ ಇರಬೇಕೆಂಬ ವಿಧಿಯಿದೆ. ಚಂಡಾಲರಿಗೆ ಶ್ಮಶಾನದ ಅಂಚು. ವರಾಹಮಿಹಿರನ ಬೃಹತ್ಸಂಹಿತೆಯೂ ನಾಲ್ಕು ವರ್ಣಗಳಿಗೆ ನಾಲ್ಕು ದಿಕ್ಕುಗಳನ್ನು ಹಂಚಿದೆ. ಪಾಠಶಾಲೆಯಲ್ಲಿ ಇವುಗಳನ್ನು ಓದುವಾಗ ಇದು ಎಂದೋ ಕಳೆದುಹೋದ ಕಾಲದ ನಗರವೆಂದು ನಾವು ಭಾವಿಸಿದ್ದೆವು. ಆದರೆ ಟ್ರಸ್ಟಿನವರು ಬಯಲಿನಲ್ಲಿ ಸೂತ್ರ ಹಿಡಿದು ಹೊಸದಾಗಿ ಹಾಕಿದ ದಾದರ ಮತ್ತು ಮಾಟುಂಗಾಗಳಲ್ಲಿ ಪಾರ್ಸಿ ಕಾಲನಿಯೆಂದು ಒಂದು, ಹಿಂದೂ ಕಾಲನಿಯೆಂದು ಮತ್ತೊಂದು ಹುಟ್ಟಿದುವು. ವಿಧಿಸಲು ಅರಸನಾಗಲಿ ಶಾಸ್ತ್ರವಾಗಲಿ ಇಲ್ಲದಿದ್ದರೂ ಜನರು ತಾವಾಗಿಯೇ ದಿಕ್ಕುಗಳನ್ನು ಹಂಚಿಕೊಂಡರು.

ಮಾಟುಂಗಾದ ವಿಚಾರವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಏಕೆಂದರೆ ದಕ್ಷಿಣದವರು ಸ್ವಂತ ಇಚ್ಛೆಯಿಂದ ಆರಿಸಿದ ಉಪನಗರವೆಂದರೆ ಅದೇ. ಬೋರಿಬಂದರಿನಿಂದ ಸುಮಾರು 10 ಕಿಲೋಮೀಟರು ದೂರ. 1925ರ ಫೆಬ್ರವರಿಯಲ್ಲಿ ಬೋರಿಬಂದರಿನಿಂದ ಕುರ್ಲಾಕ್ಕೆ ವಿದ್ಯುತ್ತಿನ ಗಾಡಿಯು ಓಡಿತು. 1928ರಲ್ಲಿ ಪಶ್ಚಿಮದ ಮಾರ್ಗದಲ್ಲಿ ಕೊಲಾಬಾದಿಂದ ಬೋರಿವಲಿಯವರೆಗೆ ಓಡಿತು. ಕಚೇರಿಗೆ ಹೋಗುವವನಿಗೆ ದೂರವು ಈಗ ಮೈಲಿಯಲ್ಲಿ ಇಲ್ಲ, ನಿಮಿಷದಲ್ಲಿ. ಮದರಾಸು, ಪಾಲಘಾಟು, ಮೈಸೂರು, ಉಡುಪಿಗಳಿಂದ ಬಂದ ಟೈಪಿಸ್ಟರೂ ಲೆಕ್ಕಿಗರೂ ಮಾಸಿಕ ಪಾಸು ಮಾಡಿಸಿ ಅಲ್ಲಿ ಸೇರತೊಡಗಿದರು. 1923ರಲ್ಲಿ ಆಸ್ತಿಕ ಸಮಾಜ, 1926ರಲ್ಲಿ ಮೈಸೂರು ಅಸೋಸಿಯೇಶನ್ನು, 1932ರಲ್ಲಿ ದಕ್ಷಿಣ ಭಾರತೀಯ ವಿದ್ಯಾಸಂಸ್ಥೆ, 1933ರಲ್ಲಿ ಕರ್ನಾಟಕ ಸಂಘ: ಹತ್ತು ವರುಷಗಳಲ್ಲಿ ದೇವರು, ಶಾಲೆ, ಸಾಹಿತ್ಯ ಮೂರೂ ಬಂದುವು. 1942ರಲ್ಲಿ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗು ನಿಲ್ದಾಣದ ಬಳಿಯಲ್ಲಿಯೇ ಬಾಳೆಲೆಯನ್ನು ಹಾಸಿತು. ಒಂಟಿಗನಿಗೆ ಇನ್ನೇನು ಬೇಕು?

ಗೃಹಸ್ಥನಿಗೆ ಮಾತ್ರ ಅಲ್ಲಿ ಒಂದು ಧರ್ಮಸಂಕಟವು ಎದುರಾಯಿತು. ಚಾಳಿನಲ್ಲಿ ಶೌಚಗೃಹವು ಮೊಗಸಾಲೆಯ ಕೊನೆಯಲ್ಲಿ, ಎಲ್ಲರಿಗೂ ಒಂದೇ. ಮಾಟುಂಗಾದ ಹೊಸ ಫ್ಲ್ಯಾಟುಗಳಲ್ಲಿ ಅದು ಮನೆಯ ಒಳಗೇ ಬಂದಿತು. ಹಿತ್ತಿಲ ಆಚೆಗೆ ಇದ್ದುದು ಅಡಿಗೆಮನೆಯ ಗೋಡೆಗೆ ತಗುಲಿ ಬಂದರೆ ನಮ್ಮ ಅಜ್ಜಿಯಂದಿರು ಏನೆಂದಾರು? ಕಟ್ಟಿಸುವವರು ಅದನ್ನು ಹಿಂಬದಿಯ ಮೂಲೆಗೆ ತಳ್ಳಿ, ನಡುವೆ ಒಂದು ಓಣಿಯಷ್ಟು ಜಾಗವನ್ನು ಬಿಟ್ಟು ಸಮಾಧಾನಪಡಿಸಬೇಕಾಯಿತು. ಸಮುದ್ರವನ್ನು ದಾಟುವುದು ಪಾಪವೋ ಅಲ್ಲವೋ ಎಂದು ಪಂಡಿತರು ಸಭೆ ಸೇರಿ ಚರ್ಚಿಸಿದರು. ಅದಕ್ಕಿಂತ ದೊಡ್ಡದಾದ ಈ ಪ್ರಶ್ನೆಯನ್ನು ಮಾಟುಂಗಾದ ಹೆಂಗಸರು ಯಾವ ಸಭೆಯೂ ಇಲ್ಲದೆ ಇತ್ಯರ್ಥ ಮಾಡಿಬಿಟ್ಟರು. ಮನೆಯೊಳಗೆ ನಲ್ಲಿಯ ನೀರು ಬಂದ ಸುಖವನ್ನು ಕಂಡವರು ಯಾರೂ ಚಾಳಿಗೆ ಮರಳಲಿಲ್ಲ.

ಇದೆಲ್ಲವೂ ಆರಿಸಬಲ್ಲವರ ಕಥೆ. ಉಡುಪಿ ಹೋಟೆಲಿನಲ್ಲಿ ಲೋಟ ತೊಳೆಯಲು ಹೋದ ಹನ್ನೆರಡು ವರುಷದ ಹುಡುಗನಿಗೆ ಯಾವ ಉಪನಗರ? ಬಾಗಿಲು ಹಾಕಿದ ಮೇಲೆ ಮೇಜುಗಳನ್ನು ಜೋಡಿಸಿ ಮಲಗಿದಲ್ಲಿಯೇ ಅವನ ಮನೆ. ಅಂತಹ ಹುಡುಗರಿಗಾಗಿ ಕೋಟೆಯ ಪ್ರದೇಶದಲ್ಲಿಯೂ ಇತರೆಡೆಗಳಲ್ಲಿಯೂ ಕನ್ನಡದ ರಾತ್ರಿಶಾಲೆಗಳು ನಡೆದುವು. 1902ರಲ್ಲಿಯೇ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿಯಂತಹ ಸಂಸ್ಥೆಗಳು ಈ ಕಾರ್ಯದಲ್ಲಿ ಮುಂದೆ ನಿಂತುವು. ಹಗಲೆಲ್ಲ ದುಡಿದು ರಾತ್ರಿ ವ್ಯಾಕರಣವನ್ನು ಓದಿ ಪದವೀಧರರಾದವರನ್ನು ನಾನು ಕಂಡಿದ್ದೇನೆ. ಉಪಾಧ್ಯಾಯನಾಗಿ ಮೂವತ್ತು ವರುಷ ಹಗಲುಶಾಲೆಯಲ್ಲಿ ಕುಳಿತ ನನಗೆ ಅವರ ಮುಂದೆ ತಲೆಯೆತ್ತಲು ಸಂಕೋಚವಾಗುತ್ತದೆ. ಗಿರಣಿಯ ಕೂಲಿಗಳಿಗಾಗಿ ಸರಕಾರವು 1920ರ ತರುವಾಯ ವರಳಿ, ನಾಯಗಾಂವ, ಶಿವಡಿ, ಡಿಲಾಯಿಲ್ ರಸ್ತೆಗಳಲ್ಲಿ 207 ಚಾಳುಗಳನ್ನು ಕಟ್ಟಿಸಿತು. ಕುಟುಂಬಕ್ಕೆ ಒಂದೇ ಕೋಣೆ. ಅಲ್ಲಿಯೂ ಆಯ್ಕೆಯೆಂಬುದು ಹೆಸರಿಗೆ ಮಾತ್ರ.

ಎರಡನೆಯ ಮಹಾಯುದ್ಧವು ಮುಗಿದ ಮೇಲೆ ಮನೆಗಳ ಅಭಾವವು ತೀವ್ರವಾಯಿತು. 1947ರ ಬಾಡಿಗೆ ನಿಯಂತ್ರಣದ ಕಾಯಿದೆಯು ಬಾಡಿಗೆಯನ್ನು 1940ರ ಸೆಪ್ಟೆಂಬರಿನ ಮಟ್ಟಕ್ಕೆ ಕಟ್ಟಿಹಾಕಿತು. ಒಳಗೆ ಇದ್ದವನಿಗೆ ಇದು ವರ. ಹೊರಗಿನಿಂದ ಬರುವವನಿಗೆ ಬಾಗಿಲಿಗೆ ಬಿದ್ದ ಅಗುಳಿ. ಬಾಡಿಗೆ ಅಲ್ಪವಾದರೂ ಪಗಡಿಯ ಹಣವಿಲ್ಲದೆ ಬೀಗದ ಕೈ ಸಿಕ್ಕುತ್ತಿರಲಿಲ್ಲ. ಆದುದರಿಂದ ಹೊಸಬರು ಚೆಂಬೂರು, ಘಾಟಕೋಪರ, ಮುಲುಂಡ, ಅದನ್ನೂ ದಾಟಿ ಠಾಣೆ, ಡೊಂಬಿವಲಿಗಳಿಗೆ ಸರಿದರು. 1960ರಲ್ಲಿ ಮಹಾರಾಷ್ಟ್ರ ರಾಜ್ಯವಾಯಿತು. 1966ರಲ್ಲಿ ಶಿವಸೇನೆಯು ಹುಟ್ಟಿ, ನೌಕರಿಗಳನ್ನು ದಕ್ಷಿಣದವರು ಕಸಿದರೆಂಬ ಕೂಗು ಎದ್ದಿತು. ಉಡುಪಿ ಹೋಟೆಲುಗಳ ಮೇಲೆ ಕಲ್ಲುಗಳು ಬಿದ್ದುವು. ನಮ್ಮವರ ನಡುವೆ ಇರಬೇಕೆಂಬ ಆಸೆಗೆ ಆಗ ಭಯವೂ ಕೂಡಿಕೊಂಡಿತು. ಹೀಗಾಗಿ, ಜನರು ಗುಂಪುಗೂಡಿದ್ದನ್ನು ಕೇವಲ ಅಭಿಮಾನವೆಂದು ಹಳಿಯುವುದು ನ್ಯಾಯವಲ್ಲ.

ಇಲ್ಲಿಗೆ ನನ್ನ ಸ್ವಂತದ ಮಾತು ಬಂದಿತು. ಬರೆಯದೆ ಬಿಡಬಹುದಾಗಿತ್ತು, ಬಿಟ್ಟರೆ ಮೇಲಿನದೆಲ್ಲ ಅರ್ಧಸತ್ಯವಾದೀತು. 1981ರಲ್ಲಿ ನಾನೂ ನಮ್ಮ ಊರಿನ ನನ್ನ ಸಹಪಾಠಿಯೊಬ್ಬನೂ ಒಂದೇ ಬಸ್ಸಿನಲ್ಲಿ ಮುಂಬಯಿಗೆ ಹೋದೆವು. ಒಂದೇ ಕಂಪನಿಯಲ್ಲಿ ಗುಮಾಸ್ತಗಿರಿ. ನನ್ನ ಸೋದರಮಾವನ ಪರಿಚಯದಿಂದ ಮಾಟುಂಗಾದ ಒಂದು ವಸತಿಗೃಹದಲ್ಲಿ ಇಬ್ಬರಿಗೂ ಮಂಚಗಳು ದೊರೆಯುವುವೆಂದು ಮುಂಚೆಯೇ ಕಾಗದ ಬಂದಿದ್ದಿತು. ವ್ಯವಸ್ಥಾಪಕರು ನಮ್ಮ ಕಡೆಯವರೇ. ಅಚ್ಚಕನ್ನಡದಲ್ಲಿ ಆದರದಿಂದ ಮಾತನಾಡಿಸಿದರು. ಚಹವಾಯಿತು. ಊರಿನ ಮಳೆಬೆಳೆಯ ವಿಚಾರವಾಯಿತು. ಆಮೇಲೆ ನನ್ನ ಸ್ನೇಹಿತನ ಕಡೆಗೆ ತಿರುಗಿ, "ನೀವು ಯಾವ ಪೈಕಿ?" ಎಂದರು. ಅವನು ಮುಚ್ಚಿಡದೆ ಹೇಳಿದನು. ಅವರು ಪುಸ್ತಕವನ್ನು ತೆರೆದು ನೋಡಿ, ಒಂದೇ ಮಂಚವು ಖಾಲಿಯಿದೆಯೆಂದರು. ಆ ಕೋಣೆಯಲ್ಲಿ ಆಗ ಮೂರು ಮಂಚಗಳು ಖಾಲಿಯಿದ್ದುವು. ನಾವು ಅವುಗಳನ್ನು ದಾಟಿಯೇ ಒಳಗೆ ಬಂದಿದ್ದೆವು.

ನಾನು ಏನನ್ನೂ ಹೇಳಲಿಲ್ಲ. "ಸಂಜೆಯ ಗಾಡಿ ತಪ್ಪಿದರೆ ಕಷ್ಟ ಮಾರಾಯಾ, ನಾನು ಡೊಂಬಿವಲಿಗೆ ಹೋಗುತ್ತೇನೆ, ನಮ್ಮ ಭಾವನ ಗುರುತಿನವರೊಬ್ಬರು ಇದ್ದಾರೆ" ಎಂದು ಅವನೇ ನನ್ನನ್ನು ಸಮಾಧಾನಪಡಿಸಿ ಟ್ರಂಕನ್ನು ಎತ್ತಿಕೊಂಡನು. ಬೋರಿಬಂದರಿನಿಂದ ಡೊಂಬಿವಲಿಗೆ ಸುಮಾರು 48 ಕಿಲೋಮೀಟರು. ಮೂರು ವರುಷ ಅವನು ದಿನಾಲೂ ಗಾಡಿಯ ಬಾಗಿಲಿಗೆ ಜೋತು ಬಂದನು. ನಾನು ಹತ್ತು ಕಿಲೋಮೀಟರು ಕುಳಿತು ಬಂದೆನು. ಊಟಕ್ಕೆ ನನ್ನನ್ನು ಎಷ್ಟೋ ಸಲ ಕರೆದನು. ನಾನು ಹೋದದ್ದು ಎರಡು ಸಲ. ಆಮೇಲೆ ಊರಿನಲ್ಲಿ ಸಂಸ್ಕೃತದ ಉಪಾಧ್ಯಾಯನ ಹುದ್ದೆಯು ದೊರೆತು ನಾನು ಮರಳಿದೆನು. ಅವನು ಅಲ್ಲಿಯೇ ಮನೆಯನ್ನು ಕೊಂಡು ನೆಲಸಿದನು.

2005ರಲ್ಲಿ, ಅಹಮದಾಬಾದಿನ ಒಂದು ಪಾರ್ಸಿ ಗೃಹನಿರ್ಮಾಣ ಸಂಘದ ಮೊಕದ್ದಮೆಯಲ್ಲಿ, ಸದಸ್ಯತ್ವವನ್ನು ತಮ್ಮ ಸಮುದಾಯದವರಿಗೇ ಮೀಸಲಿಡುವ ಉಪವಿಧಿಯು ಸಿಂಧುವೆಂದು ಸರ್ವೋಚ್ಚ ನ್ಯಾಯಾಲಯವು ತೀರ್ಪು ಕೊಟ್ಟಿತು. ಸಂಘ ಕಟ್ಟುವ ಸ್ವಾತಂತ್ರ್ಯವು ಸಂವಿಧಾನದತ್ತವಾದುದು ಎಂಬುದು ಅದರ ಆಧಾರ. ನ್ಯಾಯಶಾಸ್ತ್ರವನ್ನು ನಾನು ಓದಿದವನಲ್ಲ. ಚಿಕ್ಕ ಸಮುದಾಯವೊಂದು ತನ್ನ ಪದ್ಧತಿಗಳನ್ನು ಉಳಿಸಿಕೊಳ್ಳಲು ಒಟ್ಟಿಗೆ ಇರಬಯಸುವುದು ಅಪರಾಧವೆಂದೂ ನನಗೆ ತೋರುವುದಿಲ್ಲ. ತಾಲಮಕಿಯವರ ಕೆಲಸವನ್ನು ಮೇಲೆ ಕೊಂಡಾಡಿದ್ದೇನೆ. ಆದರೆ ಆ ತೀರ್ಪನ್ನು ಪತ್ರಿಕೆಯಲ್ಲಿ ಓದಿದ ದಿವಸ ನನ್ನ ಕಣ್ಣ ಮುಂದೆ ಬಂದದ್ದು ಮಾಟುಂಗಾದ ಆ ಮೂರು ಮಂಚಗಳು. ಒಬ್ಬನಿಗೆ ಊರನ್ನು ಮರಳಿ ಕೊಟ್ಟ ಬಾಗಿಲೇ ಅದೇ ಊರಿನ ಇನ್ನೊಬ್ಬನಿಗೆ ಅದೇ ಕನ್ನಡದಲ್ಲಿ ಮುಚ್ಚಿಕೊಂಡಿತು.

ಹಾಗೆ ಕಾಪಾಡಿಕೊಂಡ ನೆರೆಯಲ್ಲಿಯಾದರೂ ಭಾಷೆಯು ಉಳಿಯಿತೆ ಎಂದರೆ, ಅದಕ್ಕೂ ಉತ್ತರವು ಒಂದೇ ಬಗೆಯಲ್ಲ. ಮಾಟುಂಗಾದಲ್ಲಿ ಹುಟ್ಟಿ ಬೆಳೆದ ನನ್ನ ಸೋದರಮಾವನ ಮೊಮ್ಮಕ್ಕಳು ಮದುವೆಗಳಿಗೆ ಬಂದಾಗ ನಮ್ಮೊಡನೆ ಇಂಗ್ಲಿಷಿನಲ್ಲಿ ಮಾತನಾಡುತ್ತಾರೆ. ಕನ್ನಡವು ಅವರಿಗೆ ಅರ್ಥವಾಗುತ್ತದೆ, ಬಾಯಿಗೆ ಬರುವುದಿಲ್ಲ. ಡೊಂಬಿವಲಿಯಲ್ಲಿ ಮರಾಠಿಯವರೂ ಗುಜರಾತಿಯವರೂ ಇರುವ ಕಟ್ಟಡದಲ್ಲಿ ಬೆಳೆದ ನನ್ನ ಸ್ನೇಹಿತನ ಮಗಳು ಮಾತ್ರ ಕನ್ನಡದಲ್ಲಿ ಕಾಗದವನ್ನು ಬರೆಯಬಲ್ಲಳು. ಅವಳ ತಾಯಿಯು ದಿನಾಲೂ ರಾತ್ರಿ ಅರ್ಧ ಗಂಟೆ ಕೂರಿಸಿಕೊಂಡು ಕಲಿಸಿದ್ದೇ ಕಾರಣವಂತೆ.

ಎರಡು ದಿನ ಕಳೆದು ವಿದ್ಯಾರ್ಥಿಯು ಮತ್ತೆ ಬಂದನು. ಅವನ ಕಾಗದದಲ್ಲಿ ಮಾಟುಂಗಾದ ಹೆಸರಿನ ಮುಂದೆ ಬರೆದಿದ್ದ ಬಾಡಿಗೆಯು ನನ್ನ ನಿವೃತ್ತಿವೇತನವನ್ನು ಮೀರಿತ್ತು. ಆ ಪ್ರಶ್ನೆಯು ತಾನಾಗಿಯೇ ಮುಗಿದಿದ್ದಿತು. ಉಳಿದುದು ಡೊಂಬಿವಲಿ ಮತ್ತು ವಾಶಿ. 1992ರಲ್ಲಿ ಖಾಡಿಯ ಮೇಲಿನ ಸೇತುವೆಯ ಮೂಲಕ ವಾಶಿಗೆ ರೈಲು ಬಂದ ಮೇಲೆ ಅಲ್ಲಿಯೂ ನಮ್ಮವರು ಬಹಳ ಜನ ನೆಲಸಿದ್ದಾರೆ. "ವಾಶಿಯಲ್ಲಿ ನಮ್ಮವರ ಒಂದು ಸೊಸೈಟಿಯೇ ಇದೆಯಂತೆ ಮಾಸ್ತರೇ, ಹೊರಗಿನವರಿಗೆ ಕೊಡುವುದಿಲ್ಲವಂತೆ. ನಿಶ್ಚಿಂತೆಯಿಂದ ಇರಬಹುದು ಎನ್ನುತ್ತಾರೆ" ಎಂದನು. ನಾನು ಅವನಿಗೆ ಮಂಚಗಳ ವಿಷಯವನ್ನು ಹೇಳಿದೆನು. ಅವನು ತಲೆ ತಗ್ಗಿಸಿ ಬಹಳ ಹೊತ್ತು ಕುಳಿತನು. ಹೊರಡುವಾಗ ನನ್ನ ಸ್ನೇಹಿತನ ವಿಳಾಸವನ್ನು ಕೇಳಿ ಅದೇ ಕಾಗದದ ಹಿಂಬದಿಯಲ್ಲಿ ಬರೆದುಕೊಂಡನು. ಆ ವಿಳಾಸಕ್ಕೆ ನಾನು ಕಾಗದವನ್ನು ಬರೆದು ಹನ್ನೊಂದು ವರುಷಗಳಾಗಿದ್ದುವು. ಆ ರಾತ್ರಿ ಕುಳಿತು ಒಂದನ್ನು ಬರೆದು, ಮರುದಿನ ಮುಂಜಾನೆ ಅಂಚೆಗೆ ಹಾಕಿದೆನು.